ಪರದೆಯ ಬಣ್ಣ ಕಾಗದಕ್ಕೆ ಇಳಿಯುವುದು ಹೇಗೆ?

ಟಿ.ವಿ. ಮಾರುವ ಅಂಗಡಿಯೊಂದರಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗೋಡೆಯುದ್ದಕ್ಕೂ ಹತ್ತು ಹದಿನೈದು ಸೆಟ್ಟುಗಳು. ಎಲ್ಲದರಲ್ಲೂ ಒಂದೇ ಕಾರ್ಯಕ್ರಮ. ಆದರೆ ಒಂದರಲ್ಲಿ ಗಾಯಕಿಯ ಸೀರೆ ಕುಂಕುಮದ ಕೆಂಪು. ಪಕ್ಕದ್ದರಲ್ಲಿ ಅದೇ ಸೀರೆ ಇಟ್ಟಿಗೆಯ ಬಣ್ಣ. ಮೂರನೆಯದರಲ್ಲಿ ರಾಣಿ ಬಣ್ಣದ ಕಡೆಗೆ ವಾಲಿದ ಕೆಂಪು. ಒಂದು ಸೆಟ್ಟಿನಲ್ಲಿ ಆಕೆಯ ಮುಖಕ್ಕೆ ಅರಿಶಿನ ಹಚ್ಚಿದಂತಿದೆ, ಇನ್ನೊಂದರಲ್ಲಿ ಮುಖವೇ ನೀಲಿಗೆ ತಿರುಗಿದೆ. ಎಲ್ಲ ಸೆಟ್ಟುಗಳಿಗೂ ಹೋಗುತ್ತಿರುವ ಸಂಕೇತ ಮಾತ್ರ ಒಂದೇ. ಹಾಗಾದರೆ ಆ ಸೀರೆಯ ನಿಜವಾದ ಬಣ್ಣ ಯಾವುದು?

ಈ ಪ್ರಶ್ನೆಯನ್ನು ಸಂವಾದ ಕಾರ್ಯಕ್ರಮದಲ್ಲಿ ಮಾತಿನಲ್ಲಿ ಚರ್ಚಿಸಬಹುದು, ಆದರೆ ಟಿ.ವಿ.ಯಲ್ಲಿ ತೋರಿಸಿ ಉತ್ತರಿಸಲಾಗದು. 'ನೋಡಿ, ಇದೇ ಸರಿಯಾದ ಕೆಂಪು' ಎಂದು ನಾವು ತೋರಿಸಿದರೂ ನಿಮ್ಮ ಮನೆಯ ಸೆಟ್ಟು ಅದನ್ನು ತನ್ನದೇ ರೀತಿಯ ಕೆಂಪಾಗಿ ಮಾಡಿಯೇ ನಿಮಗೆ ಕೊಡುತ್ತದೆ. ಆದ್ದರಿಂದ ಈ ವಿಷಯಕ್ಕೆ ಅಚ್ಚಿನ ಪುಟವೇ ಹೆಚ್ಚು ಸೂಕ್ತ. ಅದರಲ್ಲೂ ನಾವು ಇಲ್ಲಿ ನೋಡಹೊರಟಿರುವುದು ಅಚ್ಚಿಗೇ ಸಂಬಂಧಿಸಿದ ಸಮಸ್ಯೆ: ಕಂಪ್ಯೂಟರ್ ಪರದೆಯ ಮೇಲೆ ಕಂಡ ಚಿತ್ರದ ಬಣ್ಣ ಅಚ್ಚಾದ ಕಾಗದದ ಮೇಲೂ ಬರಬೇಕಾದರೆ ಏನು ಮಾಡಬೇಕು?

ಯಾರ ತಪ್ಪು?

ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುವ ಕಲಾವಿದೆಯೊಬ್ಬರನ್ನು ಊಹಿಸಿಕೊಳ್ಳಿ. ತಿಂಗಳುಗಟ್ಟಲೆ ಕುಳಿತು ರಾಜರಾಜೇಶ್ವರಿಯ ಚಿತ್ರವೊಂದನ್ನು ಮುಗಿಸಿದ್ದಾರೆ. ಅದರ ಫೋಟೋ ತೆಗೆಸಿ, ಕಂಪ್ಯೂಟರಿನಲ್ಲಿ ಅಷ್ಟಿಷ್ಟು ತಿದ್ದಿ, 500 ಕ್ಯಾಲೆಂಡರುಗಳನ್ನು ಮುದ್ರಿಸಲು ಪ್ರೆಸ್ಸಿಗೆ ಕೊಡುತ್ತಾರೆ. ಪರದೆಯ ಮೇಲೆ ಹಿನ್ನೆಲೆ ಎಳೆ ಎಲೆಯ ಹಸಿರು, ದೇವಿಯ ಸೀರೆ ನವಿಲಿನ ಕತ್ತಿನ ನೀಲಿ. ಅಚ್ಚಾಗಿ ಬಂದಾಗ ಹಸಿರು ಪಾಚಿಯಂತಾಗಿದೆ, ನೀಲಿ ಮಂಕಾಗಿದೆ, ಸೀರೆಯ ನೆರಿಗೆಗಳು ಕತ್ತಲಲ್ಲಿ ಕಲಸಿಹೋಗಿವೆ.

ಕಲಾವಿದೆ ಪ್ರೆಸ್ಸಿನವರನ್ನು ದೂರುತ್ತಾರೆ. 'ನೀವು ಕಳಿಸಿದ ಫೈಲಿನಲ್ಲಿ ಏನಿತ್ತೋ ಅದನ್ನೇ ಹಾಕಿದ್ದೇವೆ' ಎನ್ನುತ್ತಾರೆ ಪ್ರೆಸ್ಸಿನವರು. ವಿಚಿತ್ರವೆಂದರೆ ಇಬ್ಬರ ಮಾತೂ ನಿಜ. ಕಲಾವಿದೆ ಕಂಡದ್ದು ಸುಳ್ಳಲ್ಲ, ಮುದ್ರಕರು ಮಾಡಿದ್ದು ಮೋಸವಲ್ಲ. ಆದರೂ 500 ಹಾಳೆಗಳು ರದ್ದಿಗೆ ಹೋಗುತ್ತವೆ. ಹಣ ಯಾರು ಕೊಡಬೇಕೆಂಬ ಜಗಳ ಉಳಿಯುತ್ತದೆ. ಸಣ್ಣ ಕಲಾವಿದರಿಗೆ, ಸಣ್ಣ ಮುದ್ರಣಾಲಯಗಳಿಗೆ ಇದು ಸಣ್ಣ ನಷ್ಟವಲ್ಲ. ಮುಂದಿನ ವರ್ಷ ಆ ಕಲಾವಿದೆ ಅಚ್ಚಿನ ಗೊಡವೆಗೇ ಹೋಗದಿರಬಹುದು. ಸೀರೆಯ ಕ್ಯಾಟಲಾಗ್, ಮದುವೆಯ ಕರೆಯೋಲೆ, ಪುಸ್ತಕದ ರಕ್ಷಾಪುಟ ಎಲ್ಲದರ ಕಥೆಯೂ ಇದೇ.

ಇಲ್ಲಿ ಕೊರತೆಯಾದದ್ದು ಏನು? ಇಬ್ಬರಿಗೂ ಸಮಾನವಾದ ಒಂದು ಅಳತೆಗೋಲು. ಅದನ್ನು ಒದಗಿಸುವ ಮೊದಲ ಹೆಜ್ಜೆಯೇ ಮಾನಿಟರನ್ನು ಅಳತೆಗೆ ತರುವುದು, ಅಂದರೆ ಕ್ಯಾಲಿಬ್ರೇಷನ್.

ಬೆಳಕಿನ ಬಣ್ಣ ಬೇರೆ, ಶಾಯಿಯ ಬಣ್ಣ ಬೇರೆ

ಒಂದು ಸಣ್ಣ ಪ್ರಯೋಗ ಮಾಡಿ. ನಿಮ್ಮ ಮೊಬೈಲ್ ಫೋನಿನ ಬಿಳಿ ಪರದೆಯ ಮೇಲೆ ಸಾಸಿವೆ ಗಾತ್ರದ ಒಂದು ಹನಿ ನೀರು ಇಡಿ. ಆ ಹನಿ ಭೂತಕನ್ನಡಿಯಂತೆ ಕೆಲಸ ಮಾಡುತ್ತದೆ. ಅದರೊಳಗೆ ಬಿಳಿ ಕಾಣುವುದಿಲ್ಲ. ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಈ ಮೂರು ಬೆಳಕುಗಳು ಕಣ್ಣಿನಲ್ಲಿ ಕೂಡಿದಾಗ ಬಿಳಿಯ ಅನುಭವವಾಗುತ್ತದೆ. ಬೆಳಕಿಗೆ ಬೆಳಕನ್ನು ಕೂಡಿಸುತ್ತ ಹೋದಂತೆ ಪ್ರಖರತೆ ಹೆಚ್ಚುತ್ತದೆ. ಇದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾಡಿ ತೋರಿಸಿದರು. ಬಣ್ಣದ ಪಟ್ಟೆಗಳಿದ್ದ ರಿಬ್ಬನ್ ಒಂದರ ಮೂರು ಕಪ್ಪು ಬಿಳುಪು ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ರಿಬ್ಬನ್ನಿನ ಬಣ್ಣಗಳು ಮೂಡಿದವು. ಇಂದಿನ ಎಲ್ಲ ಟಿ.ವಿ., ಮಾನಿಟರ್, ಫೋನುಗಳ ತತ್ತ್ವ ಇದೇ.

ಈಗ ನಿಜವಾದ ಭೂತಕನ್ನಡಿಯೊಂದನ್ನು ತೆಗೆದುಕೊಂಡು ಪತ್ರಿಕೆಯಲ್ಲಿ ಅಚ್ಚಾದ ಬಣ್ಣದ ಚಿತ್ರವನ್ನು ನೋಡಿ. ಅಲ್ಲಿಯೂ ಚುಕ್ಕೆಗಳೇ ಇವೆ. ಆದರೆ ಬೇರೆ ಬಣ್ಣದವು: ಹಸಿರು ಮಿಶ್ರಿತ ತಿಳಿನೀಲಿಯಾದ ಸಯಾನ್, ನೇರಳೆಗೆಂಪಾದ ಮಜೆಂಟ, ಹಳದಿ ಮತ್ತು ಕಪ್ಪು. ಕಾಗದ ತಾನಾಗಿ ಬೆಳಗುವುದಿಲ್ಲ. ಮೇಲಿನಿಂದ ಬಿದ್ದ ಬಿಳಿ ಬೆಳಕಿನಲ್ಲಿ ಒಂದಿಷ್ಟನ್ನು ಶಾಯಿ ನುಂಗಿಕೊಂಡು ಮಿಕ್ಕಿದ್ದನ್ನು ನಮ್ಮ ಕಣ್ಣಿಗೆ ಕಳಿಸುತ್ತದೆ. ಸಯಾನ್ ಶಾಯಿ ಕೆಂಪನ್ನು ನುಂಗುತ್ತದೆ, ಮಜೆಂಟ ಹಸಿರನ್ನು, ಹಳದಿ ನೀಲಿಯನ್ನು. ಇಲ್ಲಿ ಕೂಡಿಸಿದಷ್ಟೂ ಕತ್ತಲಾಗುತ್ತದೆ. ಮೂರೂ ಶಾಯಿಗಳನ್ನು ಸೇರಿಸಿದರೆ ಸಿದ್ಧಾಂತದ ಪ್ರಕಾರ ಕಪ್ಪಾಗಬೇಕು. ವಾಸ್ತವದಲ್ಲಿ ಕೆಸರಿನ ಕಂದು ಬರುವುದರಿಂದ ಕಪ್ಪು ಶಾಯಿಯನ್ನು ಪ್ರತ್ಯೇಕವಾಗಿ ಹಾಕುತ್ತಾರೆ.

ದೂರದರ್ಶನದಲ್ಲಿ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ. ಆ ದಿನಗಳಲ್ಲಿ ಕಾರ್ಯಕ್ರಮ ಆರಂಭವಾಗುವ ಮೊದಲು ಪರದೆಯ ಮೇಲೆ ನಿಲ್ಲುತ್ತಿದ್ದ ಬಣ್ಣದ ಪಟ್ಟಿಗಳು ಹಿರಿಯ ಓದುಗರಿಗೆ ನೆನಪಿರಬಹುದು. ಬಿಳಿ, ಹಳದಿ, ಸಯಾನ್, ಹಸಿರು, ಮಜೆಂಟ, ಕೆಂಪು, ನೀಲಿ ಎಂಬ ಕ್ರಮದಲ್ಲಿ ಅವು ನಿಂತಿರುತ್ತಿದ್ದವು. ಗಮನಿಸಿ: ಬೆಳಕಿನ ಮೂರು ಬಣ್ಣಗಳೂ ಅಚ್ಚಿನ ಮೂರು ಬಣ್ಣಗಳೂ ಅದರಲ್ಲಿವೆ. ಆ ಪಟ್ಟಿಗಳು ವೀಕ್ಷಕರ ಮನರಂಜನೆಗೆ ಇದ್ದವಲ್ಲ. ಇಲ್ಲಿಂದ ಹೊರಟ ಬಣ್ಣ ಅಲ್ಲಿಗೆ ಸರಿಯಾಗಿ ತಲುಪಿತೇ ಎಂದು ತಂತ್ರಜ್ಞರು ಪರೀಕ್ಷಿಸುತ್ತಿದ್ದುದು ಅವುಗಳಿಂದಲೇ. ಟೇಪಿನ ಮೊದಲಿಗೂ ಅವನ್ನು ಮುದ್ರಿಸಿಡುತ್ತಿದ್ದರು. ಟೇಪು ಬೇರೆ ಊರಿಗೆ ಹೋದರೂ ಅಲ್ಲಿನವರು ಪಟ್ಟಿಗಳಿಗೆ ತಮ್ಮ ಯಂತ್ರವನ್ನು ಹೊಂದಿಸಿಕೊಂಡು ಮುಂದುವರಿಯುತ್ತಿದ್ದರು. ಅಚ್ಚಿನ ಕೆಲಸಕ್ಕೂ ಬೇಕಾದದ್ದು ಇಂಥದೇ ಏರ್ಪಾಡು.

ಬೆಳಕು ಮತ್ತು ಶಾಯಿಗಳ ಈ ವ್ಯತ್ಯಾಸದಿಂದ ಇನ್ನೊಂದು ಪರಿಣಾಮವುಂಟು. ಪರದೆ ತೋರಿಸಬಲ್ಲ ಎಲ್ಲ ಬಣ್ಣಗಳನ್ನೂ ನಾಲ್ಕು ಶಾಯಿಗಳು ತೋರಿಸಲಾರವು. ಉಜ್ವಲವಾದ ಕೇಸರಿ, ಎಳೆ ಎಲೆಯ ಹಸಿರು, ನೇರಳೆಗೆ ಹತ್ತಿರವಾದ ಗಾಢ ನೀಲಿ ಇವೆಲ್ಲ ಶಾಯಿಯ ಶಕ್ತಿಗೆ ಮೀರಿದವು. ತಿರುಗಾಮುರುಗಾ, ಶುದ್ಧ ಸಯಾನ್ ಶಾಯಿಯ ಬಣ್ಣವನ್ನು ಸಾಮಾನ್ಯ ಮಾನಿಟರು ಪೂರ್ತಿಯಾಗಿ ತೋರಿಸಲಾರದು. ಒಂದು ಸಾಧನ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಗೆ ಗ್ಯಾಮಟ್ ಎಂದು ಹೆಸರು. ನಮ್ಮ ಕಲಾವಿದೆಯ ಹಸಿರು ಪಾಚಿಯಾದದ್ದರಲ್ಲಿ ಒಂದು ಪಾಲು ಇದರದ್ದು.

ಅಂಕಿಗೆ ಬಣ್ಣವಿಲ್ಲ

ಕಂಪ್ಯೂಟರು ಬಣ್ಣವನ್ನು ಅಂಕಿಗಳಲ್ಲಿ ಇಟ್ಟುಕೊಳ್ಳುತ್ತದೆ. ಕೆಂಪು, ಹಸಿರು, ನೀಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ 255ರವರೆಗೆ 256 ಮಟ್ಟಗಳು. ಮೂರನ್ನೂ ಗುಣಿಸಿದರೆ 1,67,77,216 ಬಗೆಯ ಮಿಶ್ರಣಗಳು. ಇಷ್ಟು ಸೂಕ್ಷ್ಮವಾದ ಅಂಕಿಗಳಿರುವಾಗ ತಪ್ಪು ಹೇಗಾದೀತು ಎಂದು ನೀವು ಕೇಳಬಹುದು.

ಅಡುಗೆಮನೆಯ ಉದಾಹರಣೆ ನೋಡೋಣ. 'ಎರಡು ಚಮಚ ಮೆಣಸಿನಪುಡಿ' ಎಂದು ಬರೆದಿದೆ. ಬ್ಯಾಡಗಿ ಮೆಣಸಿನಪುಡಿ ಹಾಕಿದವರ ಸಾರಿಗೆ ಒಳ್ಳೆಯ ಬಣ್ಣ, ಹದವಾದ ಖಾರ. ಗುಂಟೂರು ಮೆಣಸಿನಪುಡಿ ಹಾಕಿದವರ ಮನೆಯಲ್ಲಿ ಕಣ್ಣಲ್ಲಿ ನೀರು. ಅಳತೆಯಲ್ಲಿ ತಪ್ಪಿಲ್ಲ, ಯಾವ ಮೆಣಸು ಎಂಬುದನ್ನು ಹೇಳಿಲ್ಲ, ಅಷ್ಟೆ. ಹಾಗೆಯೇ 'ಕೆಂಪು 200, ಹಸಿರು 30, ನೀಲಿ 40' ಎಂಬುದು ಬಣ್ಣವಲ್ಲ, ಒಂದು ಸೂಚನೆ ಮಾತ್ರ. ಯಾವ ಮಾನಿಟರಿನ ಕೆಂಪಿನಲ್ಲಿ 200 ಎಂಬುದು ಗೊತ್ತಾಗುವವರೆಗೂ ಅದಕ್ಕೆ ನಿಶ್ಚಿತವಾದ ಬಣ್ಣವಿಲ್ಲ. ಟಿ.ವಿ. ಅಂಗಡಿಯಲ್ಲಿ ಕಂಡ ವ್ಯತ್ಯಾಸದ ಗುಟ್ಟೂ ಇದೇ.

ಹಾಗಾದರೆ ಯಂತ್ರಗಳ ಹಂಗಿಲ್ಲದೆ ಬಣ್ಣವನ್ನು ಹೇಳಲು ಸಾಧ್ಯವೇ? ಸಾಧ್ಯ. ಅಳೆಯಬೇಕಾದದ್ದು ಮನುಷ್ಯನ ಕಣ್ಣು. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡಬ್ಲ್ಯು.ಡಿ. ರೈಟ್ 10 ಮಂದಿಯನ್ನೂ, ಜಾನ್ ಗಿಲ್ಡ್ 7 ಮಂದಿಯನ್ನೂ ಕೂರಿಸಿ, ಒಂದೊಂದು ಬಣ್ಣಕ್ಕೂ ಮೂರು ಮೂಲ ಬೆಳಕುಗಳನ್ನು ಎಷ್ಟೆಷ್ಟು ಬೆರೆಸಿದರೆ ಹೊಂದುತ್ತದೆ ಎಂದು ಅಳೆದರು. ಆ 17 ಮಂದಿಯ ಕಣ್ಣುಗಳ ಸರಾಸರಿಯಿಂದ 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗವು ಒಬ್ಬ 'ಪ್ರಮಾಣಿತ ವೀಕ್ಷಕ'ನನ್ನು ರೂಪಿಸಿತು. 1976ರಲ್ಲಿ ಬಂದ 'ಲ್ಯಾಬ್' ಪದ್ಧತಿಯೂ ಅದರ ಮೇಲೆಯೇ ನಿಂತಿದೆ. ಇದು ಯಾವ ಮಾನಿಟರಿನ, ಯಾವ ಶಾಯಿಯ ಭಾಷೆಯೂ ಅಲ್ಲ, ಕಣ್ಣಿನ ಭಾಷೆ. ಎರಡು ಬಣ್ಣಗಳ ನಡುವಿನ ಅಂತರವನ್ನು 'ಡೆಲ್ಟಾ ಇ' ಎಂಬ ಅಂಕಿಯಿಂದ ಹೇಳುತ್ತಾರೆ. ಅದು ಸುಮಾರು 1 ಇದ್ದರೆ, ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲಷ್ಟೇ ಪಳಗಿದ ಕಣ್ಣಿಗೆ ವ್ಯತ್ಯಾಸ ತಿಳಿದೀತು.

1993ರಲ್ಲಿ ಕೆಲವು ಕಂಪ್ಯೂಟರ್ ಮತ್ತು ಛಾಯಾಗ್ರಹಣ ಕಂಪೆನಿಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಸ್ಥಾಪಿಸಿದವು. ಐಸಿಸಿ ಎಂಬುದು ಅದರ ಚಿಕ್ಕ ಹೆಸರು. ಪ್ರತಿಯೊಂದು ಸಾಧನಕ್ಕೂ ಅದರ ಬಣ್ಣಗಳ ಗುಣವನ್ನು ವಿವರಿಸುವ ಒಂದು ಸಣ್ಣ ಕಡತವಿರಬೇಕು ಎಂಬುದು ಅವರು ಮಾಡಿಕೊಂಡ ಏರ್ಪಾಡು. ಈ ಕಡತವೇ 'ಪ್ರೊಫೈಲ್'. ಟೇಪಿನ ಮೊದಲಿಗಿದ್ದ ಬಣ್ಣಪಟ್ಟಿಗಳ ಹಾಗೆ ಇದು ಚಿತ್ರದ ಜೊತೆಗೇ ಪ್ರಯಾಣ ಮಾಡುತ್ತದೆ. ಸಾಮಾನ್ಯ ಮಾನಿಟರುಗಳಿಗೆ ಮಾದರಿಯಾದ 'ಎಸ್‌ಆರ್‌ಜಿಬಿ' ವ್ಯವಸ್ಥೆ ಬಂದದ್ದು 1996ರಲ್ಲಿ.

ಗಡಿಯಾರವನ್ನು ಸರಿಪಡಿಸಿದ ಹಾಗೆ

ಕ್ಯಾಲಿಬ್ರೇಷನ್ ಮತ್ತು ಪ್ರೊಫೈಲ್ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ವ್ಯತ್ಯಾಸ ಸರಳ. ಗೋಡೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ ಎನ್ನಿ. ಮುಳ್ಳನ್ನು ತಿರುಗಿಸಿ ಸಾಧ್ಯವಾದಷ್ಟು ಸರಿಯಾದ ವೇಳೆಗೆ ತರುವುದು ಕ್ಯಾಲಿಬ್ರೇಷನ್. ಅಷ್ಟು ಮಾಡಿದ ಮೇಲೂ ಅದು ಒಂದು ನಿಮಿಷ ಮುಂದೆಯೇ ನಿಂತರೆ, 'ಈ ಗಡಿಯಾರ ಒಂದು ನಿಮಿಷ ಮುಂದಿದೆ' ಎಂದು ಚೀಟಿ ಬರೆದು ಅಂಟಿಸುವುದು ಪ್ರೊಫೈಲ್. ಚೀಟಿ ಓದಿದವರು ಒಂದು ನಿಮಿಷ ಕಳೆದು ಸರಿಯಾದ ವೇಳೆಯನ್ನು ತಿಳಿಯಬಲ್ಲರು. ಮುಳ್ಳನ್ನು ಮತ್ತೆ ತಿರುಗಿಸಿದರೆ ಹಳೆಯ ಚೀಟಿ ಸುಳ್ಳಾಗುತ್ತದೆ. ಅದಕ್ಕೇ ಕ್ಯಾಲಿಬ್ರೇಷನ್ ಆದ ಮೇಲೆ ಮಾನಿಟರಿನ ಗುಂಡಿಗಳನ್ನು ಮುಟ್ಟಬಾರದು.

ಮೊದಲು ಕೋಣೆಯನ್ನು ನೋಡಿ

ಸೀರೆ ಕೊಳ್ಳಲು ಹೋದ ನಮ್ಮ ತಾಯಂದಿರು ಅಂಗಡಿಯ ದೀಪವನ್ನು ನಂಬುವುದಿಲ್ಲ. ಸೀರೆಯನ್ನು ಬಾಗಿಲ ಬಳಿಗೆ ತಂದು, ಹಗಲ ಬೆಳಕಿನಲ್ಲಿ ಬಿಡಿಸಿ ನೋಡುತ್ತಾರೆ. ಇದು ಬರಿಯ ಅನುಮಾನವಲ್ಲ, ಅಪ್ಪಟ ವಿಜ್ಞಾನ. ಒಂದು ದೀಪದಡಿ ರವಿಕೆಯೂ ಸೀರೆಯೂ ಒಂದೇ ಬಣ್ಣವಾಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗಿ ಕಾಣಬಹುದು. ಎರಡರ ಬಣ್ಣಗಾರಿಕೆಯೂ ಬೇರೆಬೇರೆ ತರಂಗಾಂತರಗಳನ್ನು ಹೀರುವುದರಿಂದ ಹೀಗಾಗುತ್ತದೆ. ಅಚ್ಚಿಗೂ ಇದೇ ನಿಯಮ. ಆದ್ದರಿಂದ ಮುದ್ರಣ ಲೋಕದಲ್ಲಿ ಪ್ರತಿಗಳನ್ನು ನೋಡಲು 'ಡಿ50' ಎಂಬ ಪ್ರಮಾಣಿತ ಬೆಳಕನ್ನು ಒಪ್ಪಿಕೊಂಡಿದ್ದಾರೆ. ಅದರ ವರ್ಣ ಉಷ್ಣತೆ ಸುಮಾರು 5000 ಕೆಲ್ವಿನ್.

ಮಾನಿಟರನ್ನು ಮುಟ್ಟುವ ಮೊದಲು ಕೋಣೆಯನ್ನು ಸಿದ್ಧಪಡಿಸಿ. ಕಿಟಕಿಯ ಬೆಳಕು ಪರದೆಯ ಮೇಲೆ ನೇರವಾಗಿ ಬೀಳಬಾರದು. ಬೆಳಗ್ಗೆ ಒಂದು, ಸಂಜೆ ಒಂದು ರೀತಿಯ ಬೆಳಕಿದ್ದರೆ ನಿಮ್ಮ ತೀರ್ಪೂ ಹಾಗೆಯೇ ಬದಲಾಗುತ್ತದೆ. ಎದುರಿನ ಗೋಡೆ ಗುಲಾಬಿಯೋ ಗಿಳಿಹಸಿರೋ ಆಗಿದ್ದರೆ ಅದರ ಛಾಯೆ ಪರದೆಗೂ ಕಣ್ಣಿಗೂ ತಗಲುತ್ತದೆ. ಬಿಳಿ ಅಥವಾ ಬೂದು ಬಣ್ಣ ಒಳ್ಳೆಯದು. ಕೆಂಪು ಅಂಗಿ ತೊಟ್ಟು ಕುಳಿತರೂ ಪರದೆಯಲ್ಲಿ ಅದರ ಪ್ರತಿಫಲನವಿರುತ್ತದೆ. ಪರದೆಯ ಹಿನ್ನೆಲೆ ಚಿತ್ರವನ್ನು ತೆಗೆದು ಬೂದು ಬಣ್ಣ ಇಟ್ಟುಕೊಳ್ಳಿ.

ಅಳತೆಯ ಮೂರು ಗುರಿಗಳು

ಮೊದಲನೆಯದು ಪ್ರಖರತೆ. 'ಅಚ್ಚು ಕಪ್ಪಾಗಿ ಬಂತು' ಎಂಬ ದೂರಿಗೆ ಅತಿ ಸಾಮಾನ್ಯ ಕಾರಣ ಇದು. ಇಂದಿನ ಅನೇಕ ಮಾನಿಟರುಗಳು ಪ್ರತಿ ಚದರ ಮೀಟರಿಗೆ 250 ಕ್ಯಾಂಡೆಲಾ ಅಥವಾ ಅದಕ್ಕೂ ಹೆಚ್ಚು ಪ್ರಖರತೆಯನ್ನು ಕೊಡಬಲ್ಲವು. ಕಾಗದದ ಲೆಕ್ಕ ನೋಡಿ. ಚೆನ್ನಾಗಿ ಬೆಳಕಿರುವ, ಅಂದರೆ 500 ಲಕ್ಸ್ ಬೆಳಕು ಬೀಳುವ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇದೆ. ಬಿದ್ದ ಬೆಳಕಿನಲ್ಲಿ ಶೇಕಡ 85ರಷ್ಟನ್ನು ಅದು ಹಿಂದಿರುಗಿಸುತ್ತದೆ ಎನ್ನಿ. 500ನ್ನು 0.85ರಿಂದ ಗುಣಿಸಿ ಪೈಯಿಂದ ಭಾಗಿಸಿದರೆ ಸುಮಾರು 135 ಕ್ಯಾಂಡೆಲಾ ಬರುತ್ತದೆ. ಮನೆಯ ಸಂಜೆಯ ಬೆಳಕಿನಲ್ಲಿ ಅದು ಇನ್ನೂ ಎಷ್ಟೋ ಕಡಿಮೆ. ಅಂದರೆ ನಿಮ್ಮ ಪರದೆಯ ಬಿಳಿ, ಕಾಗದದ ಬಿಳಿಗಿಂತ ಎರಡು ಪಟ್ಟೋ ಐದು ಪಟ್ಟೋ ಬೆಳಗುತ್ತಿದೆ. ಅಂಥ ಪರದೆಯಲ್ಲಿ ನೆರಿಗೆಗಳ ನೆರಳೂ ಸ್ಪಷ್ಟವಾಗಿ ಕಾಣುತ್ತದೆ. 'ತುಸು ಹೆಚ್ಚು ಬೆಳಕಾಯಿತು' ಎನ್ನಿಸಿ ನೀವು ಚಿತ್ರವನ್ನೇ ಇನ್ನಷ್ಟು ಕಪ್ಪು ಮಾಡುತ್ತೀರಿ. ಕಾಗದದ ಮೇಲೆ ಅದು ಕತ್ತಲೆಯಾಗದೆ ಇನ್ನೇನಾದೀತು? ಅಚ್ಚಿನ ಕೆಲಸಕ್ಕೆ 80ರಿಂದ 120 ಕ್ಯಾಂಡೆಲಾ ಸಾಕು. ಮೊದಮೊದಲು ಪರದೆ ಮಂಕಾಗಿದೆ ಎನ್ನಿಸುತ್ತದೆ. ಎರಡು ಮೂರು ದಿನಗಳಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ಎರಡನೆಯದು ಬಿಳಿ. ಬಿಳಿಯಲ್ಲೂ ಬಗೆಗಳುಂಟು. ಟಿ.ವಿ. ಸ್ಟುಡಿಯೋಗಳಲ್ಲಿ ನಾವು ಬಳಸುವುದು 'ಡಿ65', ಅಂದರೆ ಸುಮಾರು 6500 ಕೆಲ್ವಿನ್ನಿನ ಹಗಲ ಬಿಳಿ. ಮುದ್ರಣದ ಡಿ50 ಬಿಳಿ ಅದಕ್ಕಿಂತ ತುಸು ಹಳದಿ. ಮಾನಿಟರಿಗೆ ಡಿ65 ಇಟ್ಟು ಆರಂಭಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಪ್ರತಿಯನ್ನು ಪರದೆಯ ಪಕ್ಕದಲ್ಲೇ ಹಿಡಿದು ಹೋಲಿಸುವವರಾದರೆ, ಖಾಲಿ ಕಾಗದದ ಬಿಳಿ ಮತ್ತು ಪರದೆಯ ಬಿಳಿ ಒಂದೇ ತೆರನಾಗಿ ಕಾಣುವವರೆಗೆ 5000ರತ್ತ ತರಬೇಕಾದೀತು.

ಮೂರನೆಯದು ಗ್ಯಾಮಾ. ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲುಗಳು ಹೇಗೆ ಏರಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಇದನ್ನು 2.2ಕ್ಕೆ ಇಡುವುದು ವಾಡಿಕೆ. ಆಗ 255ರ ಅರ್ಧವಾದ 128ಕ್ಕೆ ಪರದೆ ಅರ್ಧ ಬೆಳಕನ್ನಲ್ಲ, ಪೂರ್ಣ ಬೆಳಕಿನ ಶೇಕಡ 22ರಷ್ಟನ್ನು ಮಾತ್ರ ಕೊಡುತ್ತದೆ. ನಮ್ಮ ಕಣ್ಣು ಕತ್ತಲೆಯ ಸೂಕ್ಷ್ಮಗಳನ್ನು ಹೆಚ್ಚು ಗುರುತಿಸುವುದರಿಂದ ಅದೇ ನಮಗೆ ನಡುವಿನ ಬೂದಿನಂತೆ ಕಾಣುತ್ತದೆ.

ಉಪಕರಣದಿಂದ ಅಳೆಯುವ ಕ್ರಮ

ಇಷ್ಟನ್ನು ಕಣ್ಣಳತೆಯಿಂದ ಸಾಧಿಸುವುದು ಕಷ್ಟ, ಏಕೆಂದರೆ ಕಣ್ಣು ಬೇಗ ಹೊಂದಿಕೊಂಡುಬಿಡುತ್ತದೆ. ಹಳದಿ ಬಲ್ಬಿನಡಿ ಕುಳಿತ ಹತ್ತು ನಿಮಿಷಕ್ಕೇ ಹಳದಿ ಹಾಳೆ ಬಿಳಿಯಾಗಿ ಕಾಣತೊಡಗುತ್ತದೆ. ಬದುಕಿಗೆ ಇದು ವರ, ಅಳತೆಗೆ ಅಡ್ಡಿ. ಆದ್ದರಿಂದ ಕಲರಿಮೀಟರ್ ಎಂಬ ಉಪಕರಣ ಬೇಕು. ಕಂಪ್ಯೂಟರ್ ಮೌಸಿನಷ್ಟೇ ಗಾತ್ರದ ಇದನ್ನು ಪರದೆಗೆ ಒರಗಿಸಿ ಇಡುತ್ತಾರೆ. ಇದರ ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಆದರೆ ತಿಂಗಳಿಗೊಮ್ಮೆ ಅರ್ಧ ಗಂಟೆ ಬಳಸುವ ವಸ್ತು. ನಾಲ್ಕೈದು ಮಂದಿ ಕಲಾವಿದರು ಸೇರಿ ಒಂದನ್ನು ಕೊಂಡರೆ ಎಲ್ಲರ ಕೆಲಸವೂ ನಡೆಯುತ್ತದೆ. ಜೊತೆಗೆ ಬರುವ ತಂತ್ರಾಂಶವಲ್ಲದೆ 'ಆರ್ಗಿಲ್' ಎಂಬ ಉಚಿತ ತಂತ್ರಾಂಶವೂ ಉಂಟು.

ಕ್ರಮ ಹೀಗೆ: ಮಾನಿಟರನ್ನು ಅರ್ಧ ಗಂಟೆ ಮೊದಲೇ ಚಾಲೂ ಮಾಡಿ ಸ್ಥಿರವಾಗಲು ಬಿಡಿ. ಅದರ ಹೊಂದಿಕೆಗಳನ್ನು ಕಾರ್ಖಾನೆಯ ಸ್ಥಿತಿಗೆ ತನ್ನಿ. ಕೋಣೆಯ ಬೆಳಕಿಗೆ ತಕ್ಕಂತೆ ಪ್ರಖರತೆಯನ್ನು ತಾನೇ ಬದಲಿಸುವ ಸೌಲಭ್ಯ, ರಾತ್ರಿ ಹೊತ್ತು ಪರದೆಯನ್ನು ಹಳದಿಯಾಗಿಸುವ ಸೌಲಭ್ಯ, ಸಿನಿಮಾ ಮತ್ತು ಆಟಗಳಿಗೆಂದು ಬಣ್ಣವನ್ನು ರಂಗೇರಿಸುವ ಸೌಲಭ್ಯ ಇವೆಲ್ಲವನ್ನೂ ನಿಲ್ಲಿಸಿ. ಪರದೆಯನ್ನು ಮೃದುವಾದ ಒಣ ಬಟ್ಟೆಯಿಂದ ಒರೆಸಿ ಉಪಕರಣವನ್ನು ಇರಿಸಿ. ಮೇಲೆ ಹೇಳಿದ ಮೂರು ಗುರಿಗಳನ್ನು ತಂತ್ರಾಂಶಕ್ಕೆ ತಿಳಿಸಿ. ಅದು ಒಂದರ ಹಿಂದೊಂದು ಬಣ್ಣಗಳನ್ನು ತೋರಿಸುತ್ತದೆ; ಉಪಕರಣ ಪ್ರತಿಯೊಂದನ್ನೂ ಅಳೆಯುತ್ತದೆ. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಅಂತರದಿಂದ ಪ್ರೊಫೈಲ್ ಸಿದ್ಧವಾಗುತ್ತದೆ. ಕೊನೆಗೆ ಬರುವ ವರದಿಯಲ್ಲಿ ಡೆಲ್ಟಾ ಇ ಸರಾಸರಿ 2ಕ್ಕಿಂತ ಕಡಿಮೆಯಿದ್ದರೆ ಕೆಲಸಕ್ಕೆ ಸಾಕು. ಮಾನಿಟರಿನ ದೀಪಗಳು ದಿನಕಳೆದಂತೆ ಬದಲಾಗುವುದರಿಂದ ತಿಂಗಳಿಗೊಮ್ಮೆಯಾದರೂ ಇದನ್ನು ಮತ್ತೆ ಮಾಡಬೇಕು.

ಉಪಕರಣ ಇಲ್ಲದವರು ಕೈಕಟ್ಟಿ ಕೂರಬೇಕಾಗಿಲ್ಲ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಕಣ್ಣಳತೆಯಿಂದ ಹೊಂದಿಸುವ ಸೌಲಭ್ಯವಿದೆ. ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳ ಚಿತ್ರವನ್ನು ತೆರೆಯಿರಿ. ಯಾವ ಮೆಟ್ಟಿಲಿನಲ್ಲೂ ಗುಲಾಬಿ ಅಥವಾ ಹಸಿರು ಛಾಯೆ ಇರಬಾರದು. ಅತಿ ಕಪ್ಪಾದ ಎರಡು ಮೂರು ಮೆಟ್ಟಿಲುಗಳು ಬೇರೆಬೇರೆಯಾಗಿ ಕಾಣಬೇಕು. ಆ ನಂತರ, ನಿಮ್ಮ ಪ್ರೆಸ್ಸಿನಲ್ಲೇ ಹಿಂದೆ ಚೆನ್ನಾಗಿ ಅಚ್ಚಾದ ಒಂದು ಪ್ರತಿಯನ್ನೂ ಅದರ ಮೂಲ ಫೈಲನ್ನೂ ಪಕ್ಕಪಕ್ಕದಲ್ಲಿಟ್ಟು, ಪರದೆಯ ಪ್ರಖರತೆಯನ್ನು ಕಾಗದಕ್ಕೆ ಹತ್ತಿರವಾಗುವಷ್ಟು ಇಳಿಸಿ. ಇದು ನಿಖರವಲ್ಲ. ಆದರೆ ಅರ್ಧಕ್ಕರ್ಧ ಅನಾಹುತಗಳು ಇಷ್ಟರಿಂದಲೇ ತಪ್ಪುತ್ತವೆ ಎಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ಪ್ರಖರತೆಯೇ ಎಲ್ಲಕ್ಕಿಂತ ದೊಡ್ಡ ಅಪರಾಧಿ.

ಪ್ರೆಸ್ಸಿಗೆ ಕಳಿಸುವ ಮುನ್ನ

ಮಾನಿಟರು ನಿಜ ಹೇಳತೊಡಗಿದ ಮೇಲೆ ಅದನ್ನು ಒಂದು ಪ್ರಶ್ನೆ ಕೇಳಬಹುದು: 'ಈ ಚಿತ್ರ ಆ ಪ್ರೆಸ್ಸಿನಲ್ಲಿ, ಆ ಕಾಗದದ ಮೇಲೆ ಹೇಗೆ ಬಂದೀತು?' ಇದಕ್ಕೆ ಸಾಫ್ಟ್ ಪ್ರೂಫ್ ಎನ್ನುತ್ತಾರೆ. ಪರದೆಯ ಮೇಲಿನ ಕರಡಚ್ಚು ಎನ್ನೋಣ. ಪ್ರೆಸ್ಸಿನವರಿಂದ ಅವರ ಯಂತ್ರದ ಪ್ರೊಫೈಲನ್ನು ಕೇಳಿ ಪಡೆಯಿರಿ. ನುಣುಪು ಕಾಗದದ ಪ್ರೊಫೈಲೇ ಬೇರೆ, ಪತ್ರಿಕೆಯ ಕಾಗದದ್ದೇ ಬೇರೆ. ಒರಟು ಕಾಗದ ಶಾಯಿಯನ್ನು ಹೀರಿ ಚುಕ್ಕೆಗಳನ್ನು ಹಿಗ್ಗಿಸುವುದರಿಂದ ಚಿತ್ರ ಇನ್ನಷ್ಟು ಕಪ್ಪಾಗುತ್ತದೆ. ಅತಿ ಬಿಳಿಯಾಗಿ ಕಾಣುವ ಕಾಗದಗಳಲ್ಲಿ ಬಟ್ಟೆಗೆ ನೀಲಿ ಹಾಕಿದಂತೆ ಪರಿಣಾಮ ಕೊಡುವ ರಾಸಾಯನಿಕಗಳಿರುತ್ತವೆ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ನೀಲಿ ಬೆಳಕಾಗಿಸುವುದರಿಂದ ಹಗಲಿನಲ್ಲಿ ಕಾಗದ ನೀಲಿಗೆ ವಾಲುತ್ತದೆ.

ಪರದೆಯ ಮೇಲಿನ ಕರಡಚ್ಚಿನಲ್ಲಿ ನಮ್ಮ ಕಲಾವಿದೆಯ ಹಸಿರು ಅಲ್ಲೇ, ಒಂದು ಪೈಸೆಯ ಶಾಯಿಯೂ ಖರ್ಚಾಗುವ ಮೊದಲೇ, ಮಂಕಾಗಿ ಕಾಣುತ್ತದೆ. ಆಗ ತೀರ್ಮಾನ ಅವರ ಕೈಯಲ್ಲಿರುತ್ತದೆ. ಮುಖ್ಯವಾದ ಎರಡು ದಾರಿಗಳಿವೆ. ತುಂಬಿದ ಬಸ್ಸನ್ನು ನೆನೆಯಿರಿ. 'ಎಲ್ಲರೂ ಒಂದೊಂದು ಹೆಜ್ಜೆ ಒಳಗೆ ಹೋಗಿ' ಎಂದು ಕಂಡಕ್ಟರ್ ಹೇಳಿದರೆ ಎಲ್ಲರೂ ಸರಿದು ಹೊರಗಿದ್ದವರಿಗೂ ಜಾಗವಾಗುತ್ತದೆ. ಪ್ರಯಾಣಿಕರ ನಡುವಿನ ಕ್ರಮ ಕೆಡುವುದಿಲ್ಲ. ಇದು 'ಪರ್ಸೆಪ್ಚುಯಲ್' ವಿಧಾನ. ಒಳಗೆ ಕುಳಿತವರನ್ನು ಕದಲಿಸದೆ ಹೊರಗಿದ್ದವರನ್ನು ಮೆಟ್ಟಿಲ ಮೇಲೆ ಒತ್ತಿ ನಿಲ್ಲಿಸಿದರೆ ಅದು 'ರಿಲೇಟಿವ್ ಕಲರಿಮೆಟ್ರಿಕ್'. ವ್ಯಾಪ್ತಿಗೆ ಮೀರಿದ ಬಣ್ಣಗಳು ಬಹಳವಿದ್ದರೆ ಮೊದಲನೆಯದನ್ನೂ, ಕೆಲವೇ ಇದ್ದರೆ ಎರಡನೆಯದನ್ನೂ ಪರೀಕ್ಷಿಸಿ ನೋಡಿ ಆಯ್ದುಕೊಳ್ಳಿ.

ಫೈಲನ್ನು ಉಳಿಸುವಾಗ ಪ್ರೊಫೈಲನ್ನು ಅದರೊಳಗೇ ಸೇರಿಸಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ. ಅಲ್ಲಿ ಚಿತ್ರ ಕುಗ್ಗಿ ಹೋಗುತ್ತದೆ. ಅದೇ ರೀತಿ, ಪ್ರೆಸ್ಸಿನವರು ಕರಡಚ್ಚಿನ ಫೋಟೋ ತೆಗೆದು ಫೋನಿಗೆ ಕಳಿಸಿ 'ಓಕೆನಾ?' ಎಂದು ಕೇಳಿದರೆ ಒಪ್ಪಬೇಡಿ. ಅವರ ಫೋನಿನ ಕ್ಯಾಮೆರಾ ಒಂದು, ನಿಮ್ಮ ಫೋನಿನ ಪರದೆ ಇನ್ನೊಂದು. ನಾವು ಮತ್ತೆ ಟಿ.ವಿ. ಅಂಗಡಿಗೇ ಬಂದಂತಾಯಿತು. ಪ್ರೆಸ್ಸಿಗೆ ಹೋಗಿ, ಮೂಲ ಚಿತ್ರವನ್ನು ಜೊತೆಗೊಯ್ದು, ಒಳ್ಳೆಯ ಹಗಲ ಬೆಳಕಿನಲ್ಲಿ ಕಾಗದದ ಕರಡಚ್ಚನ್ನು ನೋಡಿ ಸಹಿ ಮಾಡಿ. ಆ ಸಹಿಯ ಹಾಳೆಯೇ ಇಬ್ಬರಿಗೂ ಅಳತೆಗೋಲು. ಜಗಳಕ್ಕೆ ಜಾಗವಿರುವುದಿಲ್ಲ.

ಇದರಿಂದ ಆಗದ ಕೆಲಸ

ಮೈಸೂರು ಚಿತ್ರದಲ್ಲಿ ಉಬ್ಬು ಕೆಲಸದ ಮೇಲೆ ಅಂಟಿಸಿದ ಚಿನ್ನದ ರೇಕು ಇರುತ್ತದೆ. ನೀವು ತಲೆ ಆಡಿಸಿದಂತೆ ಅದರ ಮಿನುಗು ಬದಲಾಗುತ್ತದೆ. ಈ ಗುಣವನ್ನು ಯಾವ ಮಾನಿಟರೂ ತೋರಿಸಲಾರದು, ನಾಲ್ಕು ಶಾಯಿಗಳೂ ಕೊಡಲಾರವು. ಅಚ್ಚಿನಲ್ಲಿ ಅದು ಕಂದು ಹಳದಿಯ ಹದವಾದ ಮಿಶ್ರಣವಾಗಿ ಬರುತ್ತದೆ. ಬೇಕೇ ಬೇಕೆಂದರೆ ಚಿನ್ನದ ಬಣ್ಣದ ಐದನೆಯ ಶಾಯಿಗೋ ಹಾಳೆಯ ಮೇಲೆ ಒತ್ತುವ ಫಾಯಿಲ್‌ಗೋ ಹಣ ತೆರಬೇಕು. ಫೋಟೋ ತೆಗೆಯುವಾಗಲೇ ಬಣ್ಣ ಕೆಟ್ಟಿದ್ದರೆ ಅದನ್ನೂ ಮಾನಿಟರು ಸರಿಮಾಡಲಾರದು. ಕೆಟ್ಟದ್ದನ್ನು ಕೆಟ್ಟದ್ದೆಂದು ಪ್ರಾಮಾಣಿಕವಾಗಿ ತೋರಿಸುತ್ತದೆ, ಅಷ್ಟೆ. ಅಷ್ಟು ಪ್ರಾಮಾಣಿಕತೆಯೇ ದೊಡ್ಡ ಸಹಾಯ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ 
ಹಿಡಿದ ಮಹಿಳೆಯ ಜಲವರ್ಣ ಚಿತ್ರವೊಂದಿದೆ. ರವಿವರ್ಮನದೆಂದು ಅನೇಕರು ನಂಬಿರುವ ಅದನ್ನು ಬರೆದವರು ಎಸ್.ಎಲ್. ಹಲ್ದಣಕರ್. ಬೆರಳ ಸಂದಿಯಲ್ಲಿ ಹಾಯುವ ದೀಪದ ಬೆಳಕು, ಅದರಾಚೆ ನಿಧಾನವಾಗಿ ಕತ್ತಲಾಗುವ ಸೀರೆ ಇವೇ ಆ ಚಿತ್ರದ ಜೀವ. ಮೂಲವನ್ನು ನೋಡಿದವರಿಗಿಂತ ಅಚ್ಚಿನ ಪ್ರತಿಗಳಲ್ಲಷ್ಟೇ ಅದನ್ನು ಕಂಡವರೇ ನಮ್ಮಲ್ಲಿ ಹೆಚ್ಚು. ಅಂಥವರ ಪಾಲಿಗೆ ಅಚ್ಚಿನಲ್ಲಿ ಏನು ಉಳಿಯಿತೋ ಅದೇ ಚಿತ್ರ; ನೆರಳು ಕಲಸಿಹೋದ ಪ್ರತಿ ಕೈಗೆ ಸಿಕ್ಕರೆ ಅವರು ಕಲಾವಿದರ ಕೆಲಸದಲ್ಲಿ ಅರ್ಧವನ್ನು ನೋಡಿಯೇ ಇಲ್ಲವೆಂದು ಅರ್ಥ.

ಆದ್ದರಿಂದ ಮುಂದಿನ ಸಲ ಪ್ರೆಸ್ಸಿಗೆ ಫೈಲ್ ಕಳಿಸುವ ಮೊದಲು ಇಷ್ಟನ್ನು ಕೇಳಿಕೊಳ್ಳಿ: ಕೋಣೆಯ ಬೆಳಕು ಸ್ಥಿರವಾಗಿದೆಯೇ? ಪರದೆಯ ಪ್ರಖರತೆ ಕಾಗದಕ್ಕೆ ಹತ್ತಿರವಿದೆಯೇ? ಅಳತೆ ಮಾಡಿ ತಿಂಗಳಾಯಿತೇ? ಪ್ರೆಸ್ಸಿನ ಪ್ರೊಫೈಲ್ ಕೈಯಲ್ಲಿದೆಯೇ? ಕಾಗದದ ಕರಡಚ್ಚಿಗೆ ಸಹಿ ಆಗಿದೆಯೇ? ಈ ಐದಕ್ಕೂ ಸರಿಯಾದ ಉತ್ತರವಿದ್ದರೆ, ಬರುವ 500 ಕ್ಯಾಲೆಂಡರುಗಳನ್ನು ನೀವು ನಿಶ್ಚಿಂತೆಯಿಂದ ಬಿಚ್ಚಿ ನೋಡಬಹುದು.